ಎರಡು ಡಬ್ಬಿಗಳ ನಡುವೆ ಹಂಪಣ್ಣ

ಹಂಪಣ್ಣನಿಗೆ ಖಾಕಿ ಬಟ್ಟೆ ಕಂಡರೆ ಕೈಕಾಲು ನಡುಗುತ್ತಿದ್ದವು. ಪೊಲೀಸರಿಗೆ ಹೆದರುವವರು ನಮ್ಮ ಮಸ್ಕಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರವರಿಗೆ ಅವರವರ ಕಾರಣವೂ ಇರುತ್ತದೆ. ಈ ಮನುಷ್ಯ ಪೋಸ್ಟ್‌ಮನ್‌ನನ್ನು ಕಂಡರೂ ಸೈಕಲ್ ಇಳಿಯುತ್ತಿದ್ದ. ಬಸ್ ಕಂಡಕ್ಟರ್ ಟಿಕೆಟ್ ಕೇಳಿದರೆ "ನಾ ಏನೂ ಮಾಡಿಲ್ರೀ" ಎನ್ನುತ್ತಿದ್ದ. ಇಂಥವನನ್ನು ಸರಕಾರ ಹಿಡಿದು ಪೊಲೀಸ್ ವೈರ್‌ಲೆಸ್ಸಿನ ಮುಂದೆ ಕೂಡಿಸಿತು ಎಂದರೆ, ಅದರಲ್ಲಿ ಸರಕಾರದ ತಪ್ಪು ಅರ್ಧ, ಹಂಪಣ್ಣನ ಬಾಯಿಯ ತಪ್ಪು ಅರ್ಧ.

ಆತ ಮಸ್ಕಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಕಚೇರಿಯಲ್ಲಿ ಅವನ ದನಿ ಯಾರೂ ಕೇಳಿದವರಿಲ್ಲ. ಆದರೆ ಮದುವೆ ಮನೆಯಲ್ಲಿ ಕೈಗೆ ಮೈಕು ಬಂದರೆ ಅವನೇ ಬೇರೆ. ನಮ್ಮ ಕಡೆ ಮದುವೆಯಲ್ಲಿ ಆಯಾರದ ಉಡುಗೊರೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗದಿದ್ದರೆ ಆಯಾರ ಮಾಡಿದ್ದು ಲೆಕ್ಕಕ್ಕೇ ಬರುವುದಿಲ್ಲ. ಆ ಕೂಗುವ ಕೆಲಸ ಊರಲ್ಲೆಲ್ಲ ಹಂಪಣ್ಣನದು. "ಬಂತು ನೋಡ್ರೀ ಆಯಾರ! ಸಾಕಿನ್ ಮೆದಿಕಿನಾಳ, ಪಂಪಣ್ಣನವರಿಂದ ಮದುಮಗಗ ಒಂದು ಪಟಗಾ, ಮದುಮಗಳಿಗೆ ಕುಬಸದ ಕಣ, ಬೀಗರಿಗೆ ಟಾವೆಲ್!" ಎಂದು ಅವನು ಊರಿನ ಹೆಸರಿಗೆ 'ಸಾಕಿನ್' ಹಚ್ಚಿ ಎಳೆದು ಕೂಗಿದರೆ, ಬರೀ ಟಾವೆಲ್ ಕೊಟ್ಟವನಿಗೂ ಜರಿ ಸೀರೆ ಕೊಟ್ಟಂತೆ ಎದೆ ಉಬ್ಬುತ್ತಿತ್ತು.

ಒಂದು ದಿನ ಲಾಲ್‌ಬೀಯ ಚಹಾದ ಅಂಗಡಿಯಲ್ಲಿ ವೈರ್‌ಲೆಸ್ಸಿನ ಮಾತು ಬಂತು. ತೊಂಬತ್ತೆರಡೋ ತೊಂಬತ್ತಮೂರೋ ಇಸವಿ. ಹಂಪಣ್ಣ ಹಿಂದಿನ ದಿನ ಒಂದು ದೊಡ್ಡ ಮದುವೆ ಮುಗಿಸಿ ಬಂದಿದ್ದ, ಇನ್ನೂ ಅದೇ ಗುಂಗಿನಲ್ಲಿದ್ದ. "ವೈರ್‌ಲೆಸ್ ಅಂದ್ರೇನು ಮಹಾ?" ಎಂದುಬಿಟ್ಟ. "ಮೈಕಿಗೆ ವಯರ್ ಇರತೈತಿ, ಅದಕ್ಕ ಇರಂಗಿಲ್ಲ, ಅಷ್ಟ ಫರಕ್. ನನ್ನ ಕೈಯಾಗ ಕೊಟ್ರ ಸಿಂಧನೂರು, ಲಿಂಗಸುಗೂರು ಎರಡನ್ನೂ ಬೊಗಸಿಯಾಗ ಹಿಡದು ಆಡಸ್ತೀನಿ."

ಲಾಲ್‌ಬೀ ಚಹಾ ಸೋಸುತ್ತಾ, "ಆಡಸಪಾ ಅಣ್ಣಾ, ನಾವೂ ನೋಡ್ತೀವಿ" ಎಂದಳು. ಪಕ್ಕದಲ್ಲಿ ತಹಶೀಲ್ದಾರರ ಜೀಪಿನ ಡ್ರೈವರ್ ಕೂತು ಮಿರ್ಚಿ ತಿನ್ನುತ್ತಿದ್ದ. ಇದನ್ನು ಹಂಪಣ್ಣ ನೋಡಬೇಕಾಗಿತ್ತು, ನೋಡಲಿಲ್ಲ.

ಈಗ ವೈರ್‌ಲೆಸ್ಸಿನ ವಿಷಯ ಸ್ವಲ್ಪ ಹೇಳಬೇಕು. ಆ ಕಾಲಕ್ಕೆ ಟೆಲಿಫೋನು ಮೋಡ ಕಂಡರೆ ಸಾಯುತ್ತಿತ್ತು. ಅದಕ್ಕೇ ಕಾಲುವೆ ಇಲಾಖೆಗೆ ಒಂದು ವೈರ್‌ಲೆಸ್ ಡಬ್ಬಿ, ಪೊಲೀಸರಿಗೆ ಒಂದು ವೈರ್‌ಲೆಸ್ ಡಬ್ಬಿ. ನೋಡಲಿಕ್ಕೆ ಎರಡೂ ಒಂದೇ. ಆದರೆ ಇದರ ಅಲೆ ಬೇರೆ, ಅದರ ಅಲೆ ಬೇರೆ. ಇದು ಕೂಗಿದ್ದು ಅದಕ್ಕೆ ಕೇಳುತ್ತಿರಲಿಲ್ಲ. ಪಾಳಿ ನೀರಿನ ಜಗಳದಲ್ಲಿ ರೈತರು ಬಡಿಗೆ ಹಿಡಿದು ಕಾಲುವೆ ಗೇಟಿನ ಮೇಲೆ ಕೂತರೆ, ಗೇಟು ಕಾಯುವ ಲಸ್ಕರ್ ಬಾಲಪ್ಪ ತನ್ನ ಡಬ್ಬಿಯಲ್ಲಿ "ಯಪ್ಪಾ, ಹೊಡದ್ರಪ್ಪೋ!" ಎಂದು ಕೂಗುತ್ತಿದ್ದ. ಸಿಂಧನೂರಿನಲ್ಲಿ ಕೂತ ಇಂಜಿನಿಯರ್ ಸಾಹೇಬರಿಗೆ ಅದು ಸ್ಪಷ್ಟವಾಗಿ ಕೇಳುತ್ತಿತ್ತು, ಅವರು ಅಲ್ಲಿಂದಲೇ ಬಹಳ ಮರುಗುತ್ತಿದ್ದರು. ಬಾಲಪ್ಪನ ಎದುರಿಗೇ ರೋಡಿನಲ್ಲಿ ನಿಂತ ಪೊಲೀಸ್ ಜೀಪಿನೊಳಗಿನ ಡಬ್ಬಿಗೆ ಮಾತ್ರ ಏನೂ ಕೇಳುತ್ತಿರಲಿಲ್ಲ.

ತಹಶೀಲ್ದಾರರು ಮಸ್ಕಿಯ ಪ್ರವಾಸಿ ಮಂದಿರದಲ್ಲಿ ಸಭೆ ಕರೆದರು. ಇಂಥ ಆಪತ್ತಿನ ಕಾಲಕ್ಕೆ ಎಲ್ಲ ಡಬ್ಬಿಗಳೂ ಒಂದೇ ಅಲೆಯಲ್ಲಿ ಮಾತಾಡಬೇಕು ಎಂದು ಎಲ್ಲರೂ ಒಪ್ಪಿದರು. ಆದರೆ ಹೊಲದ ಪಹಣಿ ಲಿಂಗಸುಗೂರಿನಲ್ಲಿ ಸಿಗುತ್ತದೆ, ಆಕಾಶದ ಪಹಣಿ ಇರುವುದು ದಿಲ್ಲಿಯಲ್ಲಿ. ಅಲ್ಲಿಂದ ಅಪ್ಪಣೆ ಬರಬೇಕು. ಬರುವವರೆಗೆ ಏನು ಮಾಡುವುದು? ಎರಡೂ ಡಬ್ಬಿಗಳನ್ನು ಇದೇ ಪ್ರವಾಸಿ ಮಂದಿರದಲ್ಲಿ ಒಂದೇ ಮೇಜಿನ ಮೇಲೆ ಇಟ್ಟು, ನಡುವೆ ಒಬ್ಬ ಮನುಷ್ಯನನ್ನು ಕೂಡಿಸುವುದು. ಸಿಂಧನೂರಿನ ಇಂಜಿನಿಯರರ ಮಾತನ್ನು ಎಡಗಿವಿಯಲ್ಲಿ ಕೇಳಿ ಲಿಂಗಸುಗೂರಿನ ಪೊಲೀಸರಿಗೆ ಹೇಳಬೇಕು, ಲಿಂಗಸುಗೂರಿನ ಮಾತನ್ನು ಬಲಗಿವಿಯಲ್ಲಿ ಕೇಳಿ ಸಿಂಧನೂರಿಗೆ ಹೇಳಬೇಕು. ಯಾರು ಆ ಮನುಷ್ಯ ಎಂದು ಚರ್ಚೆಯಾಗುವಾಗ ತಹಶೀಲ್ದಾರರು ತಮ್ಮ ಡ್ರೈವರ್‌ನ ಮುಖ ನೋಡಿದರು.

ಹಂಪಣ್ಣನನ್ನು ಕರೆತಂದಾಗ ಲಿಂಗಸುಗೂರಿನ ಪೊಲೀಸ್ ಇನ್ಸ್‌ಪೆಕ್ಟರ್ ಸಾಹೇಬರು ಮೀಸೆಯ ತುದಿ ಸರಿಮಾಡಿಕೊಳ್ಳುತ್ತಿದ್ದರು. ಅಷ್ಟಕ್ಕೇ ಹಂಪಣ್ಣ "ನಾ ಏನೂ ಮಾಡಿಲ್ರೀ" ಎಂದ.

"ನೋಡಪಾ," ಎಂದರು ಇನ್ಸ್‌ಪೆಕ್ಟರ್, "ಅವರು ಹೇಳಿದ್ದನ್ನ ಇವರಿಗೆ, ಇವರು ಹೇಳಿದ್ದನ್ನ ಅವರಿಗೆ. ಹೆಂಗೈತಿ ಹಂಗ. ಇದು ಸರಕಾರದ ವೈರ್‌ಲೆಸ್. ಒಂದು ಮಾತು ನಿಂದು ಅಂತ ಸೇರಿಸಿದಿ, ಒಂದು ಮಾತು ನುಂಗಿದಿ, ಎತ್ತಿ ಒಳಗ ಹಾಕ್ತೀನಿ. ತಿಳೀತಿಲ್ಲೋ?"

"ತಿಳೀತ್ರೀ" ಎಂದ ಹಂಪಣ್ಣ. ತಿಳಿದದ್ದು ಒಳಗೆ ಹಾಕುವುದೊಂದೇ.

ಮನೆಗೆ ಬಂದು ಹೆಂಡತಿ ಗುರುಲಿಂಗಮ್ಮನ ಮುಂದೆ ಕೂತು ಅತ್ತೇಬಿಟ್ಟ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮದಿವ್ಯಾಗ ಹೋಗಿ ಒದರತೀರಿ, ಇಲ್ಲಿ ಕುಂತು ಒದರ್ರಿ" ಎಂದಳು. ಪಕ್ಕದ ಮನೆಯ ಕರಿಬಸಯ್ಯ ಮಾತ್ರ ಬಹಳ ಕನಿಕರಪಟ್ಟ. ಪೂಜೆ ಮಾಡಿಸುವ ಅಯ್ಯನವರಾದರೂ ಕಾನೂನಿನ ವಿಷಯದಲ್ಲಿ ಆತನಿಗೆ ತಿಳಿಯದ್ದಿಲ್ಲ. "ವೈರ್‌ಲೆಸ್ ಕೇಸಿನಾಗ ಜಾಮೀನ ಇಲ್ಲಪಾ ಹಂಪಣ್ಣ" ಎಂದು ಹೇಳಿ, ವಿಭೂತಿ ಹಚ್ಚಿ ಹೋದ.

ಮರುದಿನ ಕೆಲಸ ಶುರುವಾಯಿತು. ಎಡಗಡೆ ಡಬ್ಬಿ ಗೊರಗೊರ ಎಂದಿತು. ಮೈಸೂರು ಕಡೆಯವರಾದ ಇಂಜಿನಿಯರ್ ಸಾಹೇಬರ ದನಿ ಬಂತು: "ಮೇಲಿನ ಗೇಟಿನ ಹತ್ತಿರ ಇಬ್ಬರು ಪೇದೆಗಳನ್ನ ಕಳಿಸೋಕೆ ಹೇಳಿ. ಓವರ್." ಹಂಪಣ್ಣ ಬಲಗಡೆ ಡಬ್ಬಿಯ ಗುಂಡಿ ಒತ್ತಿದ. ಬಾಯಿ ತೆರೆದ. ಭಯದಲ್ಲಿ ಮನುಷ್ಯನಿಗೆ ಗೊತ್ತಿದ್ದದ್ದೇ ಹೊರಗೆ ಬರುತ್ತದೆ. ಹಂಪಣ್ಣನಿಗೆ ಗೊತ್ತಿದ್ದದ್ದು ಒಂದೇ.

"ಬಂತು ನೋಡ್ರೀ! ಸಾಕಿನ್ ಸಿಂಧನೂರು, ಇಂಜಿನಿಯರ್ ಸಾಹೇಬರಿಂದ ಲಿಂಗಸುಗೂರಿನ ಇನ್ಸ್‌ಪೆಕ್ಟರ್ ಸಾಹೇಬರಿಗೆ, ಮೇಲಿನ ಗೇಟಿಗೆ ಇಬ್ಬರು ಪೇದಿಗಳನ್ನ ಕಳಸಬೇಕಂತ! ಓವರ್ ರೀ!"

ಪೊಲೀಸರ ಅಲೆಯ ಮೇಲೆ ಎಷ್ಟು ಚೌಕಿಗಳಿವೆಯೋ ಅಷ್ಟೂ ಚೌಕಿಗಳಲ್ಲಿ ನಗೆ ಎದ್ದಿತು. "ಯಾವ ಮದಿವಿ ಮನಿಲೇ ಅದು?" ಎಂದಿತು ಡಬ್ಬಿ. ಹಂಪಣ್ಣ ಬೆವೆತುಹೋದ. ಆದರೆ ಹೇಳಿದ್ದನ್ನು ಹೇಳಬೇಕಲ್ಲ. ಎಡಗಡೆ ತಿರುಗಿ, "ಸಾಕಿನ್ ಲಿಂಗಸುಗೂರು, ಪೊಲೀಸರಿಂದ ಇಂಜಿನಿಯರ್ ಸಾಹೇಬರಿಗೆ, ಯಾವ ಮದಿವಿ ಮನಿಲೇ ಅದು ಅಂತ! ಓವರ್ ರೀ!" ಎಂದು ಕೂಗಿದ.

ಅಂದಿನಿಂದ ಇಂಜಿನಿಯರ್ ಸಾಹೇಬರಿಗೆ ಪೊಲೀಸರ ಮೇಲೆ ಒಳಗೊಳಗೇ ಸಿಟ್ಟು. ಇಲಾಖೆ ಇಲಾಖೆಯ ನಡುವೆ ಇಂಥದ್ದು ಮೊದಲೂ ಇತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ್ದರಿಂದ ತಣ್ಣಗಿತ್ತು ಅಷ್ಟೆ.

ಪ್ರವಾಸಿ ಮಂದಿರದ ಕಿಟಕಿಯ ಹತ್ತಿರ ನಿಧಾನಕ್ಕೆ ಜನ ಸೇರತೊಡಗಿದರು. ಲಾಲ್‌ಬೀ ತನ್ನ ಚಹಾದ ಒಲೆಯನ್ನೇ ಎತ್ತಿಕೊಂಡು ಕಿಟಕಿಯ ಕೆಳಗೆ ಬಂದಳು. ಸಂತೆಯ ದಿನ ಜೋಳ ಮಾರಲು ಬಂದವರು ಜೋಳ ಮರೆತು ನಿಂತು ಕೇಳುತ್ತಿದ್ದರು. ಎಡ ಡಬ್ಬಿ ಮಾತಾಡಿದರೆ ಎಲ್ಲರ ತಲೆ ಎಡಕ್ಕೆ, ಬಲ ಡಬ್ಬಿ ಮಾತಾಡಿದರೆ ಬಲಕ್ಕೆ. ನಡುವೆ ಹಂಪಣ್ಣನ ತಲೆ ಮಾತ್ರ ಬಗ್ಗಿಕೊಂಡಿರುತ್ತಿತ್ತು.

ಆಮೇಲೆ ಎಮ್ಮೆಯ ಪ್ರಸಂಗ ಬಂತು. ಬಾಲಪ್ಪ ಗಾಬರಿಯಿಂದ "ಯಾರೋ ಗೇಟು ಮುರ್ಯಾಕತ್ತಾರ್ರೀ" ಎಂದು ಕೂಗಿದ. ಇಂಜಿನಿಯರ್ ಸಾಹೇಬರು ಪೊಲೀಸರನ್ನು ಕೇಳಿದರು, ಹಂಪಣ್ಣ ಕೂಗಿದ, ಇನ್ಸ್‌ಪೆಕ್ಟರ್ ಜೀಪು ತುಂಬ ಪೇದೆಗಳನ್ನು ಕಳಿಸಿದರು. ಹೋಗಿ ನೋಡಿದರೆ ಒಂದು ಎಮ್ಮೆ ಗೇಟಿನ ಕಂಬಕ್ಕೆ ಬೆನ್ನು ತಿಕ್ಕುತ್ತಿತ್ತು.

ಬಲಗಡೆ ಡಬ್ಬಿ ಸಿಡಿಯಿತು. "ಎಮ್ಮಿ ಹೊಡಿಯಾಕ ಪೊಲೀಸ್ರು ಬೇಕೇನು ಕೇಳು ಆ ಇಂಜಿನಿಯರ್‌ಗೆ! ಅವಗ ಬುದ್ಧಿ ಐತೋ ಇಲ್ಲೋ ಕೇಳು!"

ಹಂಪಣ್ಣ ಕೈ ಮುಗಿದು ಕಿಟಕಿಯ ಕಡೆ ನೋಡಿದ. ಲಾಲ್‌ಬೀ, "ಹೇಳು ಅಣ್ಣಾ, ಒಂದು ಮಾತು ನುಂಗಿದ್ರ ಒಳಗ ಹಾಕ್ತಾರ" ಎಂದು ನೆನಪು ಮಾಡಿದಳು. ಹಂಪಣ್ಣ ಕಣ್ಣು ಮುಚ್ಚಿದ. "ಸಾಕಿನ್ ಲಿಂಗಸುಗೂರು, ಇನ್ಸ್‌ಪೆಕ್ಟರ್ ಸಾಹೇಬರಿಂದ ಇಂಜಿನಿಯರ್ ಸಾಹೇಬರಿಗೆ, ಎಮ್ಮಿ ಹೊಡಿಯಾಕ ಪೊಲೀಸ್ರು ಬೇಕೇನು, ಬುದ್ಧಿ ಐತೋ ಇಲ್ಲೋ ಅಂತ! ಓವರ್ ರೀ!"

ಎಡಗಡೆ ಡಬ್ಬಿ ತಣ್ಣಗೆ ಹೇಳಿತು: "ಅವರ ಪೇದೆಗಳು ಯಾರು, ಎಮ್ಮೆ ಯಾವುದು ಅಂತ ನಮ್ಮ ಲಸ್ಕರ್‌ಗೆ ಗುರುತು ಸಿಗಲಿಲ್ಲವಂತೆ ಅಂತ ಹೇಳಿ."

ಇದನ್ನೂ ಹಂಪಣ್ಣ ಕೂಗಿದ. ಕೂಗಿದ ಮೇಲೆ ಮೇಜಿನ ಕೆಳಗೆ ಕುಳಿತುಕೊಂಡ. ಹೊರಗೆ ಜನ ಸಿಳ್ಳೆ ಹೊಡೆದರು. ಬಲಗಡೆ ಡಬ್ಬಿಯಿಂದ ಬಂದದ್ದನ್ನು ಇಲ್ಲಿ ಬರೆಯುವುದು ಬೇಡ, ಹಂಪಣ್ಣ ಮಾತ್ರ ಅದನ್ನೂ ಬಿಡದೆ ಸಿಂಧನೂರಿಗೆ ಮುಟ್ಟಿಸಿದ. ಕೊನೆಗೆ ಇಬ್ಬರು ಸಾಹೇಬರೂ ಒಂದೇ ಮಾತಿಗೆ ಬಂದರು: ಆ ಮನುಷ್ಯ ಕ್ಷಮೆ ಕೇಳುವ ತನಕ ಆತನ ಒಂದು ಮಾತೂ ನನ್ನ ಕಿವಿಗೆ ಹಾಕಬೇಡ.

ಹಂಪಣ್ಣನಿಗೆ ಒಳಗೊಳಗೇ ಖುಷಿಯಾಯಿತು. ಮಾತೇ ಇಲ್ಲದಿದ್ದರೆ ತಪ್ಪು ಎಲ್ಲಿಂದ ಬರಬೇಕು? ಎರಡು ದಿನ ಆರಾಮಾಗಿ ಕೂತು ಲಾಲ್‌ಬೀಯ ಚಹಾ ಕುಡಿದ.

ಮೂರನೆಯ ದಿನ ಗುರುಲಿಂಗಮ್ಮ ಸಿಂಧನೂರಿಗೆ ಹೋಗಿದ್ದಳು. ಅಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯ. "ಮಧ್ಯಾಹ್ನದ ಬಸ್ಸಿಗೆ ಬರತೀನಿ, ಸಾರು ಕುದಿಸಿ ಇಟ್ಟೀನಿ, ಬೆಕ್ಕು ನೋಡ್ಕೋರಿ" ಎಂದು ಹೇಳಿ ಹೋಗಿದ್ದಳು. ಅಂದು ಬೆಳಿಗ್ಗೆಯಿಂದ ಮೋಡ ಕವಿದು ಮಳೆ ಹಿಡಿಯಿತು. ಟೆಲಿಫೋನು ಪದ್ಧತಿಯಂತೆ ಸತ್ತಿತು.

ಮಧ್ಯಾಹ್ನ ಎಡಗಡೆ ಡಬ್ಬಿ ಚೀರಿತು. ಬಾಲಪ್ಪ. "ಸಾಹೇಬರ, ಕಾಲುವಿ ಏರಿ ಸೀಳಾಕತ್ತೈತ್ರೀ! ಮ್ಯಾಲಿನ ಗೇಟು ಇಳಸರಿ! ಏರಿ ಹೋತಂದ್ರ ಇಷ್ಟೂ ನೀರು ರೋಡಿನ ಹಳ್ಳಕ್ಕ ಬೀಳತೈತಿ, ಸೇತುವಿ ಉಳ್ಯಂಗಿಲ್ಲ!"

ಹಳ್ಳ ಮಸ್ಕಿಗೂ ಸಿಂಧನೂರಿಗೂ ನಡುವೆ. ಸೇತುವೆ ತಗ್ಗಿನದು. ಬಸ್ಸು ಸಿಂಧನೂರು ಬಿಟ್ಟಾಗಿತ್ತು.

ಹಂಪಣ್ಣ ಎದ್ದು ನಿಂತ. "ನನ್ನ ಹೆಂಡ್ತಿ ಅದ್ರಾಗ ಅದಾಳ" ಎಂದ. ಕಿಟಕಿಯಲ್ಲಿ ನಿಂತವರ ನಗೆ ಅಲ್ಲಿಗೇ ನಿಂತಿತು.

ಇಂಜಿನಿಯರ್ ಸಾಹೇಬರ ದನಿ ಬಂತು. "ಮೇಲಿನ ಗೇಟಿನ ಮೇಲೆ ರೈತರು ಬಡಿಗೆ ಹಿಡಿದು ಕೂತಿದ್ದಾರೆ. ಪೊಲೀಸರು ಬರದೆ ನನ್ನ ಜನ ಗೇಟು ಮುಟ್ಟಲ್ಲ. ಆದರೆ ಆ ಇನ್ಸ್‌ಪೆಕ್ಟರ್‌ನ ನಾನು ಕೇಳಲ್ಲ. ಎಮ್ಮೆ ವಿಷಯಕ್ಕೆ ಆತ ಮೊದಲು ಕ್ಷಮೆ ಕೇಳಲಿ."

ಹಂಪಣ್ಣ ಬಲಗಡೆ ಡಬ್ಬಿಗೆ ಬಿದ್ದ. ಸಾಕಿನ್ ಗೀಕಿನ್ ಎಲ್ಲ ಮರೆತು, "ಸಾಹೇಬರ, ಏರಿ ಒಡ್ಯಾಕತ್ತೈತಿ, ಹಳ್ಳದಾಚಿ ಚೌಕಿಗೆ ಹೇಳಿ ಬಸ್ಸು ನಿಂದರಸರಿ, ಗೇಟಿಗೆ ಜೀಪು ಕಳಸರಿ" ಎಂದು ಬೇಡಿದ.

"ಯಾರು ಹೇಳಿದ್ದು?"

"ಕಾಲುವಿಯವರು ರೀ."

"ಮತ್ತೊಂದು ಎಮ್ಮಿ ಬಂದಿರಬೇಕು" ಎಂದು ಡಬ್ಬಿ ನಕ್ಕಿತು. "ಆ ಇಂಜಿನಿಯರ್ ಸ್ವತಃ ಕೈ ಮುಗದು ತಪ್ಪಾತು ಅನ್ನಲಿ. ಅಲ್ಲೀಮಟ ನನ್ನ ಪೇದಿ ಕಾಲು ಎತ್ತಂಗಿಲ್ಲ. ಚೌಕಿಗೆ ನನ್ನ ಹುಕುಂ ಬಿಟ್ರ ಬ್ಯಾರೆ ನಡ್ಯಂಗಿಲ್ಲ. ಓವರ್!"

ಹೊರಗೆ ಮಳೆ ಸುರಿಯುತ್ತಿತ್ತು. ಹಂಪಣ್ಣನಿಗೆ ಇನ್ಸ್‌ಪೆಕ್ಟರ್ ಮೀಸೆ ಕಂಡಿತು, ಲಾಕಪ್ಪಿನ ಕಂಬಿ ಕಂಡಿತು, ಜಾಮೀನು ಇಲ್ಲ ಎಂದ ಕರಿಬಸಯ್ಯನ ಮುಖ ಕಂಡಿತು. ಅವೆಲ್ಲದರ ಹಿಂದೆ ತಗ್ಗಿನ ಸೇತುವೆಯ ಮೇಲೆ ಒಂದು ಬಸ್ಸು ಕಂಡಿತು, ಅದರ ಕಿಟಕಿಯಲ್ಲಿ ಗುರುಲಿಂಗಮ್ಮ. ಆತ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಆದರೂ ಬಲಗಡೆ ಗುಂಡಿ ಒತ್ತಿದ.

"ಸಾಕಿನ್ ಸಿಂಧನೂರು, ಇಂಜಿನಿಯರ್ ಸಾಹೇಬರಿಂದ ಇನ್ಸ್‌ಪೆಕ್ಟರ್ ಸಾಹೇಬರಿಗೆ, ಕೈ ಮುಗದು, ತಲಿ ಬಾಗಿಸಿ, ನಂದ ತಪ್ಪಾತು, ನೀವು ದೊಡ್ಡವರು, ಹೊಟ್ಟ್ಯಾಗ ಹಾಕ್ಕೋಬೇಕಂತ! ಓವರ್ ರೀ!"

ಕಿಟಕಿಯಲ್ಲಿ ಕರಿಬಸಯ್ಯ "ಶಿವಶಿವಾ" ಎಂದ. ಸಿಂಧನೂರು ಅಂಥದ್ದೇನೂ ಹೇಳಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಲಗಡೆ ಡಬ್ಬಿ ಗೊರಗೊರ ಎಂದಿತು.

"ಖರೇನ ಹಂಗಂದ್ರೇನು?"

"ಕಣ್ಣಾಗ ನೀರು ತಂದ್ಕೊಂಡಾರ್ರೀ" ಎಂದ ಹಂಪಣ್ಣ. ಅವನ ಕಣ್ಣಲ್ಲಿ ಹೇಗೂ ನೀರಿತ್ತು.

"ಅಲ್ಲ, ಅಷ್ಟೆಲ್ಲ ಯಾಕ... ಸಾಹೇಬರು ಓದಿದ ಮಂದಿ..." ಇನ್ಸ್‌ಪೆಕ್ಟರ್ ದನಿ ಮೆತ್ತಗಾಯಿತು. ಮರುಕ್ಷಣ ಗುಡುಗಿತು: "ಹಳ್ಳದ ಚೌಕಿ! ಸಿಂಧನೂರು ಬಸ್ಸು ಅಲ್ಲೇ ನಿಂದರಸು! ಜೀಪು ಗೇಟಿಗೆ ಹೊರಡ್ಲಿ, ಜಲ್ದಿ!"

ಹಂಪಣ್ಣ ಎಡಗಡೆ ತಿರುಗಿದ. ಒಂದು ಸುಳ್ಳಿಗೆ ಒಳಗೆ ಹೋಗುವುದಾದರೆ ಎರಡಕ್ಕೂ ಅದೇ ಲಾಕಪ್ಪು. "ಸಾಕಿನ್ ಲಿಂಗಸುಗೂರು, ಇನ್ಸ್‌ಪೆಕ್ಟರ್ ಸಾಹೇಬರಿಂದ ಇಂಜಿನಿಯರ್ ಸಾಹೇಬರಿಗೆ, ಎಮ್ಮಿ ವಿಷಯದಾಗ ನಂದ ತಪ್ಪು, ನಾ ಓದಲಾರದಾಂವ, ಮನಸ್ಸಿಗೆ ಹಚಗೋಬ್ಯಾಡರಿ ಅಂತ! ಪೇದಿಗಳು ಹೊಂಟಾರ, ಗೇಟು ಇಳಸರಿ ಅಂತ! ಓವರ್ ರೀ!"

"ಓದದೋನು ಅಂತ ಅವರೇ ಒಪ್ಕೊಂಡ್ರಾ?" ಎಂದರು ಇಂಜಿನಿಯರ್ ಸಾಹೇಬರು. "ಅಯ್ಯೋ ಪಾಪ. ಏನೂ ಪರವಾಗಿಲ್ಲ ಅಂತ ಹೇಳ್ರೀ. ಗೇಟು ಇಳಿಸ್ತೀವಿ."

ಗೇಟು ಇಳಿಯಿತು. ಅಷ್ಟರಲ್ಲಿ ಏರಿ ಸೀಳಿ, ಇದ್ದ ನೀರು ಹಳ್ಳಕ್ಕೆ ನುಗ್ಗಿ ಸೇತುವೆಯ ಮೇಲೆ ಎದೆಮಟ್ಟ ಹರಿಯಿತು. ಬಸ್ಸು ಆಚೆ ದಂಡೆಯ ಚೌಕಿಯಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಗುರುಲಿಂಗಮ್ಮ ಸಂಜೆಗೆ ಬಂದಳು, ತೊಟ್ಟಿಲ ಕಾರ್ಯದ ಹೂರಣಗಡಬು ಗಂಟು ಕಟ್ಟಿಕೊಂಡು. "ಯಾವನೋ ಪೇದಿ ಅಡ್ಡ ನಿಂತು ಬಸ್ಸು ಬಿಡಲಿಲ್ಲ, ತಡ ಆತು, ಎಲ್ಲಾರೂ ಅವನ್ನ ಬೈದ್ವಿ" ಎಂದಳು. ಹಂಪಣ್ಣ ಆಕೆಯ ಕೈ ಹಿಡಿದುಕೊಂಡವನು ಬಿಡಲಿಲ್ಲ. ಆಕೆ ಹಣೆ ಮುಟ್ಟಿ ನೋಡಿ ಜ್ವರ ಎಂದು ತಿಳಿದು ಕಷಾಯ ಕುಡಿಸಿದಳು.

ಜ್ವರವೇ ಹೌದು, ಬಿಡದ ಜ್ವರ. ಯಾಕೆಂದರೆ ಸುಳ್ಳು ಅಷ್ಟಕ್ಕೇ ಮುಗಿಯಲಿಲ್ಲ. ಕ್ಷಮೆ ಕೇಳಿದವನ ಮೇಲೆ ಇಬ್ಬರು ಸಾಹೇಬರಿಗೂ ಪ್ರೀತಿ ಬಂದಿತ್ತು, ಆದರೆ ನಾಲಿಗೆ ಹಳೆಯದೇ. "ಆ ಮೀಸೆಯವನಿಗೆ ಹೇಳ್ರೀ" ಎಂದು ಸಿಂಧನೂರು ಶುರುಮಾಡಿದರೆ "ಶೂರರಾದ ಸಾಹೇಬರಿಗೆ" ಎಂದು ಲಿಂಗಸುಗೂರಿಗೆ ಮುಟ್ಟಬೇಕು. "ಆ ಕನ್ನಡಕದ ಬಡಕಲಗ ಹೇಳು" ಎಂದು ಅಲ್ಲಿಂದ ಬಂದರೆ "ವಿದ್ವಾಂಸರಿಗೆ" ಎಂದು ಸಿಂಧನೂರಿಗೆ ತಲುಪಬೇಕು. ಕಾಲುವೆಯ ಮೇಲೆ ಜಗಳಗಳು ನಿಂತುಹೋದವು. ಪೊಲೀಸರು ಕರೆದ ಕೂಡಲೇ ಬರುತ್ತಿದ್ದರು, ಗೇಟು ಹೇಳಿದ ಹೊತ್ತಿಗೆ ಏಳುತ್ತಿತ್ತು, ಇಳಿಯುತ್ತಿತ್ತು. ಸರಕಾರದ ಕೆಲಸ ಇಷ್ಟು ಸಲೀಸಾಗಿ ನಡೆದದ್ದನ್ನು ಕಂಡು ರೈತರಿಗೇ ಅನುಮಾನ ಬಂತು.

ಗುಟ್ಟು ಕಿಟಕಿಯಲ್ಲಿ ನಿಂತಿದ್ದ ಇಡೀ ಬಜಾರಿಗೆ ಗೊತ್ತಿತ್ತು. ಹಂಪಣ್ಣ ಬೀದಿಗೆ ಬಂದರೆ ಎಲ್ಲರೂ ಅವನ ಕಡೆ ನೋಡಿ ಬಾಯಿಯ ಮೇಲೆ ಬೆರಳಿಡುತ್ತಿದ್ದರು. ಅದನ್ನು ಕಂಡರೆ ಗುಟ್ಟು ಗೊತ್ತಿಲ್ಲದವನೂ ಏನೆಂದು ಕೇಳುತ್ತಿದ್ದ, ಅವನಿಗೂ ಹೇಳಲಾಗುತ್ತಿತ್ತು. ಕರಿಬಸಯ್ಯ ಭರವಸೆ ಕೊಟ್ಟ: "ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲಪಾ. ಮಠದಾಗ ಹೇಳೀನಿ, ಹಟ್ಟಿಯೊಳಗ ನಮ್ಮ ಬೀಗರಿಗೆ ಹೇಳೀನಿ, ಅವರು ಯಾರಿಗೂ ಹೇಳಂಗಿಲ್ಲ. ನಿನಗ ಆರು ತಿಂಗಳಾಗತೈತೋ ವರ್ಷ ಆಗತೈತೋ ಅಂತ ಅವರೂ ಚಿಂತಿ ಮಾಡಾಕತ್ತಾರ."

ಇಂಥ ಹೊತ್ತಿನಲ್ಲಿ ದಿಲ್ಲಿಯಿಂದ ಅಪ್ಪಣೆ ಬಂತು. ಕಾಲುವೆ ಮತ್ತು ಪೊಲೀಸು ಇನ್ನು ಮುಂದೆ ಒಂದೇ ಅಲೆ. ರಾಯಚೂರಿನಿಂದ ಮೆಕ್ಯಾನಿಕ್ ಬಂದು ಡಬ್ಬಿಗಳ ಹೊಟ್ಟೆ ಬಿಚ್ಚಿ ಒಳಗಿನ ಅಲೆ ಹಿಡಿಯುವ ಹರಳು ಬದಲಿಸಿದ, ಎತ್ತರದ ಕಂಬ ನಿಲ್ಲಿಸಿದ. ಇಬ್ಬರು ಸಾಹೇಬರೂ ನಾಳೆಯಿಂದ ನೇರವಾಗಿ ಮಾತಾಡಬಹುದು ಎಂದು ತಹಶೀಲ್ದಾರರು ಭಾಷಣ ಮಾಡಿದರು. ಊರೆಲ್ಲ ಚಪ್ಪಾಳೆ ತಟ್ಟಿತು. ಹಂಪಣ್ಣನಿಗೆ ಹಾರ ಹಾಕಿ, "ಇನ್ನ ನಿನ್ನ ತ್ರಾಸು ಮುಗೀತು" ಎಂದರು. ಹಾರದೊಳಗಿಂದ ಹಂಪಣ್ಣ ತಹಶೀಲ್ದಾರರ ಕಾಲು ಹಿಡಿದ. "ಬ್ಯಾರೆ ಬ್ಯಾರೇನ ಇರಲಿ ಬಿಡ್ರೀ ಸಾಹೇಬರ, ಒಂದು ಮಾಡಬ್ಯಾಡ್ರೀ" ಎಂದು ಬೇಡಿಕೊಂಡ. ಕೆಲಸದ ಮೇಲೆ ಇಷ್ಟು ಪ್ರೀತಿ ಇರುವ ನೌಕರನನ್ನು ತಾವು ಕಂಡಿಲ್ಲ ಎಂದು ತಹಶೀಲ್ದಾರರು ಕಣ್ಣು ಒರೆಸಿಕೊಂಡರು.

ಮರುದಿನ ಹಂಪಣ್ಣ ಕಚೇರಿಗೆ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಜೋಳದ ಚೀಲಗಳ ಹಿಂದೆ ಕೂತ. ಅವರಿಬ್ಬರೂ ಮಾತಾಡುತ್ತಾರೆ. "ಅವತ್ತು ನೀವು ಕ್ಷಮಾ ಕೇಳಿದ್ರಿ" ಎಂದು ಒಬ್ಬರು ಅನ್ನುತ್ತಾರೆ, "ನಾನೆಲ್ಲಿ, ನೀವಲ್ಲವೇ" ಎಂದು ಇನ್ನೊಬ್ಬರು. ಆಮೇಲೆ ಜೀಪು.

ಗುರುಲಿಂಗಮ್ಮ ಚೀಲ ಸರಿಸಿ ಅವನ ಎದುರು ಕುಕ್ಕರಿಸಿದಳು. "ಏನು ಮಾಡೀರಿ ಹೇಳ್ರಿ. ಊರ ಮಂದಿ ನನ್ನ ಕಂಡ್ರೂ ಬಾಯಿಮ್ಯಾಲ ಬಟ್ಟು ಇಡಾಕತ್ತಾರ."

ಹಂಪಣ್ಣ ಎಲ್ಲವನ್ನೂ ಹೇಳಿದ. ಏರಿ, ಬಸ್ಸು, ಕೈ ಮುಗಿದದ್ದು, ಓದದವನು ಎಂದದ್ದು.

"ಪೋಸ್ಟ್‌ಮನ್‌ಗ ಹೆದರಾವರು ನೀವು," ಎಂದಳು ಆಕೆ, "ನನ್ನ ಸಲುವಾಗಿ ಪೊಲೀಸರಿಗೆ ಸುಳ್ಳು ಹೇಳಿದ್ರೇನು?"

"ನಿನ್ನ ಸಲುವಾಗಷ್ಟ ಅಲ್ಲ," ಎಂದ ಹಂಪಣ್ಣ ಹೆದರಿಕೊಂಡೇ, "ಬಸ್ಸಿನಾಗ ಬ್ಯಾರೆ ಮಂದೀನೂ ಇದ್ರು."

ಗುರುಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಬಾಗಿಲ ಮುಂದೆ ಜೀಪು ನಿಂತ ಸದ್ದಾಯಿತು. ಬೂಟಿನ ಸದ್ದು ಕೇಳಿತು. "ಹಂಪಣ್ಣ ಇಲ್ಲೇ ಅದಾನೇನು? ಹೊರಗ ಬಾ. ಸಾಹೇಬರು ಕರಕೊಂಡು ಬಾ ಅಂದಾರ."

ಓಣಿಯೇ ಕೂಡಿತು. ಕರಿಬಸಯ್ಯ ವಿಭೂತಿ ತಟ್ಟೆ ಹಿಡಿದೇ ಓಡಿಬಂದ. ಗುರುಲಿಂಗಮ್ಮ ಒಂದು ಕಂಬಳಿ, ಬುತ್ತಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಗಂಡನ ಬಗಲಿಗೆ ಹಾಕಿದಳು. ಜೀಪಿನ ಬಾಗಿಲು ಹಿಡಿದು, "ಒಬ್ಬಾತನ್ನ ಕಳಸಂಗಿಲ್ಲ, ನಾನೂ ಬರ್ತೀನಿ, ಹಾಕೋದಾದ್ರ ಇಬ್ಬರನ್ನೂ ಹಾಕ್ರಿ" ಎಂದು ಹತ್ತಿ ಕೂತಳು. ಪೇದೆಗೆ ಏನೂ ತಿಳಿಯಲಿಲ್ಲ, ಆದರೂ ಜೀಪು ಬಿಟ್ಟ.

ಜೀಪು ಲಿಂಗಸುಗೂರಿನ ದಾರಿ ಹಿಡಿಯಲಿಲ್ಲ. ಪ್ರವಾಸಿ ಮಂದಿರದ ಮುಂದೆ ನಿಂತಿತು. ಒಳಗೆ ತಹಶೀಲ್ದಾರರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಎರಡೂ ಡಬ್ಬಿಗಳು ಮೇಜಿನ ಮೇಲೆ ಇದ್ದ ಜಾಗದಲ್ಲೇ ಇದ್ದವು.

"ಬೆಳಿಗ್ಗೆ ಮಾತು ಶುರು ಮಾಡಿದ್ರಪಾ," ಎಂದರು ತಹಶೀಲ್ದಾರರು. "ಒಂದು ನಿಮಿಷ ನಡೀಲಿಲ್ಲ. ಯಾರು ಯಾರಿಗೆ ಕ್ಷಮಾ ಕೇಳಿದ್ರು ಅಂತ ಜಗಳ. ಈಗ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳತೈತಿ ನೋಡು, ಅದ ತ್ರಾಸು. ಅತ್ತ ಗೇಟು ಇಳಸ್ರಿ ಅಂತ ರೈತರು ಅದರ ಮ್ಯಾಲ ಬಡಗಿ ಹಿಡದು ಕುಂತಾರ, ಬಾಲಪ್ಪ ಒದರಾಕತ್ತಾನ."

ಎಲ್ಲ ಗೊತ್ತಾಗಿದೆ. ಹಂಪಣ್ಣ ಕಂಬಳಿ ಗಂಟನ್ನು ಎದೆಗೆ ಅವುಚಿಕೊಂಡು ತನ್ನ ಜಾಗದಲ್ಲಿ ಕೂತ. ಡಬ್ಬಿ ಗೊರಗೊರ ಎಂದಿತು.

"ಹಂಪಣ್ಣ ಬಂದಾನೇನು?" ಇನ್ಸ್‌ಪೆಕ್ಟರ್ ದನಿ.

"ಬಂದೀನ್ರೀ. ಕಂಬಳಿ ತಂದೀನ್ರೀ."

"ಕಂಬಳಿ ಯಾಕಲೇ? ಮೊದಲು ಆ ಇಂಜಿನಿಯರ್‌ಗೆ ಹೇಳು. ಅವನ ಲಸ್ಕರ್ ಸಾಯಾಕತ್ತಾನ, ಮಾತು ಬಿಟ್ಟು ಗೇಟು ಇಳಸು ಅನ್ನು. ನನ್ನ ಜೀಪು ಹೊಂಟೈತಿ ಅನ್ನು."

ಹಂಪಣ್ಣ ಗುಂಡಿ ಒತ್ತುವ ಮೊದಲೇ, ಅದೇ ಅಲೆಯ ಮೇಲೆ ಇಂಜಿನಿಯರ್ ಸಾಹೇಬರ ದನಿ ಬಂತು.

"ಹಂಪಣ್ಣ, ಅವರು ಹೇಳಿದ್ದು ನನಗೆ ಕೇಳಿಸ್ತು" ಎಂದಿತು ಅದು. "ಆದರೂ ನೀವು ಹೇಳ್ರೀ. ಅವರೇನಂದ್ರು?"

ಹಂಪಣ್ಣ ಹೆಂಡತಿಯ ಮುಖ ನೋಡಿದ. ಗುರುಲಿಂಗಮ್ಮ ತಲೆ ಆಡಿಸಿದಳು. ಹಂಪಣ್ಣ ಗುಂಡಿ ಒತ್ತಿದ. "ಇನ್ಸ್‌ಪೆಕ್ಟರ್ ಸಾಹೇಬರು ಕೈ ಮುಗದು ಕೇಳ್ಕೋಳಾಕತ್ತಾರ್ರೀ," ಎಂದ, "ಬಾಲಪ್ಪನ ಜೀವ ನಿಮ್ಮ ಕೈಯಾಗ ಐತಿ, ನೀವು ತಿಳದವರು, ಗೇಟು ಇಳಸರಿ ಅಂತ. ಓವರ್ ರೀ."

ಲಿಂಗಸುಗೂರಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಅದೇ ಅಲೆಯ ಮೇಲೆ ಪ್ರತಿ ಅಕ್ಷರವನ್ನೂ ಕೇಳುತ್ತಿದ್ದರು. ಡಬ್ಬಿ ತೆರೆದೇ ಇತ್ತು. ಅವರು ಕೆಮ್ಮಲಿಲ್ಲ ಕೂಡ.

"ಅಷ್ಟು ಕೇಳ್ಕೊಂಡ ಮೇಲೆ ಇನ್ನೇನು" ಎಂದರು ಇಂಜಿನಿಯರ್ ಸಾಹೇಬರು. ಗೇಟು ಇಳಿಯಿತು.